ತಲೆಬುರುಡೆ ಕೊರೆಯದೆ ಒಳಗಿನ ಒತ್ತಡ ತಿಳಿಯೋದು ಹೇಗೆ?

ಬಿಪಿ ನೋಡಬೇಕಾದರೆ ತೋಳಿಗೊಂದು ಪಟ್ಟಿ ಸುತ್ತಿದರೆ ಸಾಕು. ಜ್ವರಕ್ಕೆ ಥರ್ಮಾಮೀಟರ್ ಇದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ. ಆದರೆ ತಲೆಯೊಳಗಿನ ಒತ್ತಡ ಎಷ್ಟು ಅಂತ ಸರಿಯಾಗಿ ತಿಳಿಯಬೇಕಾದರೆ ಇವತ್ತಿಗೂ ನಂಬುವ ದಾರಿ ಒಂದೇ. ತಲೆಬುರುಡೆಗೆ ತೂತು ಕೊರೆದು ಒಳಗೆ ಒಂದು ಕೊಳವೆಯನ್ನೋ ಸೆನ್ಸರನ್ನೋ ಇಳಿಸಬೇಕು.

ಸುಮ್ನೆ ಕುತೂಹಲಕ್ಕೆ ಯಾರೂ ಇಷ್ಟು ಕಷ್ಟ ಪಡೋದಿಲ್ಲ. ತಲೆಗೆ ಜೋರಾಗಿ ಪೆಟ್ಟು ಬಿದ್ದವರು, ಮೆದುಳಲ್ಲಿ ರಕ್ತಸ್ರಾವ ಆದವರು, ಮೆದುಳು ಊದಿಕೊಂಡವರು, ಇವರಿಗೆಲ್ಲ ಮೊದಲ ಏಟಿಗಿಂತ ಆಮೇಲೆ ಏರುವ ಒತ್ತಡವೇ ಎಷ್ಟೋ ಸಲ ಪ್ರಾಣಕ್ಕೆ ಕುತ್ತು. ಎಚ್ಚರ ಇದ್ದವರಾದರೆ ತಲೆ ಸಿಡಿಯುತ್ತಿದೆ, ವಾಂತಿ ಬರುತ್ತಿದೆ, ಕಣ್ಣು ಮಂಜಾಗಿದೆ ಅಂತ ಹೇಳುತ್ತಾರೆ. ಐಸಿಯುನಲ್ಲಿ ಔಷಧಿ ಕೊಟ್ಟು ಮಲಗಿಸಿದವರು ಏನು ಹೇಳಬೇಕು? ಅವರ ಪರವಾಗಿ ಯಾವುದಾದರೂ ಯಂತ್ರವೇ ಹೇಳಬೇಕು.

ಆ ಯಂತ್ರ ಇಇಜಿ ಆಗಬಹುದಾ? ತಲೆಯ ಚರ್ಮಕ್ಕೆ ಅಂಟಿಸುವ ಆ ತಂತಿಗಳು ಮೆದುಳಿನ ಅಲೆಗಳನ್ನು ಓದುತ್ತವೆ. ಅಲೆಗಳನ್ನು ನೋಡಿ ಒತ್ತಡ ಎಷ್ಟಿದೆ ಅಂತ ಹೇಳಬಹುದಾ? ಒಂದು ಮಟ್ಟಿಗೆ ಹೇಳಬಹುದು. ಆ ಮಟ್ಟ ಯಾವುದು ಅನ್ನೋದರಲ್ಲೇ ಇರೋದು ಸ್ವಾರಸ್ಯ.

ಮೊದಲು ಒತ್ತಡ ಏರೋದು ಯಾಕೆ ನೋಡೋಣ. ದೊಡ್ಡವರ ತಲೆಬುರುಡೆ ಅಂದರೆ ಮುಚ್ಚಿದ ಮೂಳೆ ಡಬ್ಬಿ. ಒಳಗೆ ಇರೋದು ಮೂರೇ. ಮೆದುಳು ನೂರಕ್ಕೆ ಸುಮಾರು 80 ಭಾಗ, ರಕ್ತ 10 ಭಾಗ, ಮಿಕ್ಕ 10 ಭಾಗ ತಿಳಿ ನೀರು. ಈ ನೀರಿಗೆ ಡಾಕ್ಟರುಗಳು ಸಿಎಸ್‌ಎಫ್ ಅನ್ನುತ್ತಾರೆ. ಬೆನ್ನುಹುರಿಯ ಸುತ್ತ ಇರುವುದೂ ಇದೇ ನೀರು. ಒಟ್ಟು ಸುಮಾರು 150 ಮಿಲಿ. ಆದರೆ ದಿನಕ್ಕೆ ಹೊಸದಾಗಿ ತಯಾರಾಗುವುದು ಸುಮಾರು 500 ಮಿಲಿ, ಅಷ್ಟೇ ನೀರು ಅತ್ತ ರಕ್ತಕ್ಕೆ ಹೋಗಿ ಸೇರುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ ಮೂರು ಸಲ ಪೂರ್ತಿ ನೀರು ಬದಲಾದ ಹಾಗಾಯಿತು. ಹೊರಗೆ ಹೋಗುವ ದಾರಿ ಎಲ್ಲಾದರೂ ಕಟ್ಟಿಕೊಂಡರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ಮೂರು ಜನರ ಸೀಟಲ್ಲಿ ಮೂವರು ಕೂತಿದ್ದಾರೆ. ಒಬ್ಬರು ಸ್ವಲ್ಪ ಹರಡಿಕೊಂಡರೂ ಉಳಿದಿಬ್ಬರು ಒತ್ತಿಕೊಂಡು ಕೂರಬೇಕು. ಡಬ್ಬಿ ಹಿಗ್ಗುವುದಿಲ್ಲವಲ್ಲ. ಮೂರರ ಮೊತ್ತ ಬದಲಾಗದು, ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು ಅನ್ನುವ ಈ ಲೆಕ್ಕಕ್ಕೆ ಮನ್ರೊ-ಕೆಲ್ಲಿ ಸಿದ್ಧಾಂತ ಅಂತ ಹೆಸರು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ ಇದರ ಬುನಾದಿ ಹಾಕಿದ್ದು 1783ರಲ್ಲಿ. ಜಾರ್ಜ್ ಕೆಲ್ಲಿ 1824ರಲ್ಲಿ ಅದನ್ನು ಮುಂದಕ್ಕೆ ತಂದರು. ಸಿಎಸ್‌ಎಫ್‌ನ ಪಾತ್ರ ಲೆಕ್ಕಕ್ಕೆ ಸೇರಿದ್ದು ಇನ್ನೂ ಆಮೇಲೆ.

ಈ ಹೊಂದಾಣಿಕೆಯಲ್ಲಿ ಒಂದು ಮೋಸ ಇದೆ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ ಗಂಟು ಬೆಳೆಯುತ್ತಿದೆ ಅನ್ನೋಣ. ಮೊದಮೊದಲು ನೀರು ಬೆನ್ನಿನ ಕಡೆ ಸರಿಯುತ್ತದೆ, ಅಶುದ್ಧ ರಕ್ತದ ನಾಳಗಳು ಹಿಂಡಿಕೊಂಡು ಜಾಗ ಬಿಡುತ್ತವೆ. ಗಂಟು ದೊಡ್ಡದಾಗುತ್ತಿದ್ದರೂ ಒತ್ತಡ ಮಾತ್ರ ಇದ್ದಲ್ಲೇ ಇರುತ್ತದೆ. ಎಲ್ಲ ಸರಿಯಿದೆ ಅನ್ನಿಸುತ್ತದೆ. ಸರಿಯಲು ಜಾಗ ಮುಗಿದ ಮೇಲೆ ಕಥೆಯೇ ಬೇರೆ. ಇನ್ನೊಂದು ಚಮಚದಷ್ಟು ಹೆಚ್ಚಾದರೂ ಒತ್ತಡ ನೆಟ್ಟಗೆ ಮೇಲಕ್ಕೆ ಜಿಗಿಯುತ್ತದೆ. ಬೆಳಿಗ್ಗೆ ಮಾತಾಡುತ್ತಿದ್ದವರು ಮಧ್ಯಾಹ್ನಕ್ಕೆ ಪ್ರಜ್ಞೆ ತಪ್ಪುವುದು ಹೀಗೆ.

ಸಂಖ್ಯೆಗಳಿಗೆ ಬರೋಣ. ಮಲಗಿರುವ ಆರೋಗ್ಯವಂತ ದೊಡ್ಡವರಲ್ಲಿ ತಲೆಯೊಳಗಿನ ಒತ್ತಡ ಸುಮಾರು 7ರಿಂದ 15 ಮಿಲಿಮೀಟರ್ ಪಾದರಸ. ಬಿಪಿಯನ್ನು ಅಳೆಯುವ ಅದೇ ಏಕಮಾನ. ತಲೆಪೆಟ್ಟಿನ ಚಿಕಿತ್ಸೆಗೆ ಜಗತ್ತಿನಾದ್ಯಂತ ನೋಡುವ ಬ್ರೈನ್ ಟ್ರಾಮಾ ಫೌಂಡೇಷನ್ನಿನ 2016ರ ಮಾರ್ಗಸೂಚಿ, 22 ದಾಟಿದರೆ ಇಳಿಸಲು ಚಿಕಿತ್ಸೆ ಕೊಡಿ ಅನ್ನುತ್ತದೆ.

ಒತ್ತಡ ಏರಿದರೆ ಮೆದುಳಿಗೇನು ನಷ್ಟ? ಹಿಂಡಿ ಹಾಳಾಗುವುದು ಒಂದು. ಅದಕ್ಕಿಂತ ಮುಖ್ಯ, ರಕ್ತ ಒಳಗೆ ಬರದೇ ಹೋಗುವುದು. ಹೃದಯ ಒಂದು ಬಲದಲ್ಲಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ತಲೆಯೊಳಗಿನ ಒತ್ತಡ ಅದನ್ನು ಎದುರಿನಿಂದ ತಡೆಯುತ್ತದೆ. ಸರಾಸರಿ ಬಿಪಿ 90, ತಲೆಯೊಳಗೆ 10 ಇದ್ದರೆ ರಕ್ತವನ್ನು ಒಳಗೆ ನುಗ್ಗಿಸುವ ಬಲ 80. ತಲೆಯೊಳಗೆ 40 ಆಯಿತೋ, ಉಳಿದದ್ದು 50. ಈ ಕಳೆಯುವ ಲೆಕ್ಕವನ್ನು ನೆನಪಲ್ಲಿಟ್ಟುಕೊಳ್ಳಿ. ಮೆದುಳಿನ ಅಲೆಗೂ ಒತ್ತಡಕ್ಕೂ ಇರುವ ನಂಟು ಇದರಲ್ಲೇ ಅಡಗಿದೆ.

ಈಗ ಅಳೆಯುವ ರೀತಿಯನ್ನು ಹತ್ತಿರದಿಂದ ನೋಡೋಣ. ಮೆದುಳಿನ ನಡುವೆ ಸಿಎಸ್‌ಎಫ್ ತುಂಬಿದ ಕೋಣೆಗಳಿವೆ, ವೆಂಟ್ರಿಕಲ್ ಅನ್ನುತ್ತಾರೆ. ಹಣೆಯ ಮೇಲೆ, ಕೂದಲು ಶುರುವಾಗುವುದಕ್ಕಿಂತ ಸ್ವಲ್ಪ ಹಿಂದೆ ತೂತು ಕೊರೆದು, ಅಲ್ಲಿಂದ ಈ ಕೋಣೆಯವರೆಗೆ ಮೆತ್ತನೆಯ ಕೊಳವೆ ಇಳಿಸುತ್ತಾರೆ. ಕೊಳವೆಯ ಇನ್ನೊಂದು ತುದಿ ಹಾಸಿಗೆ ಪಕ್ಕದ ಕಂಬಕ್ಕೆ ಕಟ್ಟಿದ ಸೆನ್ಸರಿಗೆ ಸೇರುತ್ತದೆ. ಒತ್ತಡವೂ ಗೊತ್ತಾಗುತ್ತದೆ, ಬೇಕಾದರೆ ನೀರನ್ನು ಹೊರಗೂ ಬಿಡಬಹುದು. ಎಲ್ಲ ಹೊಸ ವಿಧಾನಗಳನ್ನೂ ಇದರ ಪಕ್ಕದಲ್ಲಿಟ್ಟೇ ಒರೆಗೆ ಹಚ್ಚುತ್ತಾರೆ.

ಆದರೆ ಈ ಒರೆಗಲ್ಲಿನದೂ ಒಂದು ಪೇಚಾಟ ಇದೆ. ಸೆನ್ಸರು ರೋಗಿಯ ಕಿವಿಯ ಮಟ್ಟಕ್ಕೆ ಸರಿಯಾಗಿ ಇರಬೇಕು. ಕಿವಿ ತೂತಿನ ಮುಂದೆ ಬೆರಳಿಗೆ ಸಿಗುವ ಪುಟ್ಟ ಮೃದು ಮೂಳೆಯೇ ಗುರುತು. ನರ್ಸ್ ಮಟ್ಟ ನೋಡಿ ಹೊಂದಿಸುತ್ತಾರೆ. ರೋಗಿಯ ತಲೆದಿಕ್ಕನ್ನು ಸ್ವಲ್ಪ ಎತ್ತರಿಸಿದರೋ, ಮತ್ತೆ ಮಟ್ಟ ನೋಡಬೇಕು. ಮರೆತರೆ? ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ಸೆನ್ಸರು 10 ಸೆಂಟಿಮೀಟರ್ ಕೆಳಗೆ ಉಳಿದರೆ 7ಕ್ಕಿಂತ ಜಾಸ್ತಿ ಮಿಲಿಮೀಟರ್ ಸುಳ್ಳು ಒತ್ತಡ ಸೇರಿಕೊಳ್ಳುತ್ತದೆ. ನಿಜವಾಗಿ 16 ಇರುವ ರೋಗಿ ಪರದೆಯ ಮೇಲೆ 23 ತೋರಿಸಿ ಎಲ್ಲರನ್ನೂ ಓಡಾಡಿಸುತ್ತಾರೆ. ಒಂದು ಗೇಣಿಗೂ ಕಡಿಮೆ ಎತ್ತರದ ವ್ಯತ್ಯಾಸ ಅಷ್ಟೇ!

ಇದು ಕೈತಪ್ಪಿನ ಮಾತಾಯಿತು. ಕೊಳವೆಯಿಂದಲೇ ಬರುವ ಅಪಾಯಗಳೂ ಇವೆ. ಕೊಳವೆ ಹೋಗುವ ದಾರಿಯಲ್ಲಿ ರಕ್ತ ಸೋರಬಹುದು. ದಿನ ಕಳೆದ ಹಾಗೆ ಸೋಂಕಿನ ಭಯ ಏರುತ್ತದೆ. ಹಾಕಲು ನರಶಸ್ತ್ರಚಿಕಿತ್ಸಕರೇ ಬೇಕು. ಮೆದುಳು ತೀರಾ ಊದಿಕೊಂಡರೆ ಆ ಕೋಣೆಗಳು ಸೀಳಿನಷ್ಟು ಕಿರಿದಾಗಿ ಕೊಳವೆಗೆ ಸಿಗುವುದೇ ಕಷ್ಟ. ಲಿವರ್ ಕೈಕೊಟ್ಟವರ ಪಾಡು ಇನ್ನೂ ಕೆಟ್ಟದ್ದು. ಅವರ ಮೆದುಳು ಊದಿಕೊಳ್ಳುತ್ತದೆ, ಅದೇ ಹೊತ್ತಿಗೆ ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಕುಸಿದಿರುತ್ತದೆ. ಅಂಥವರ ತಲೆಗೆ ಡ್ರಿಲ್ ಹಿಡಿಯಲು ಯಾರಿಗೆ ಧೈರ್ಯ ಬರುತ್ತದೆ?

ಇನ್ನು ಅಲೆಯ ವಿಷಯ. ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ, ಯಾಕೆಂದರೆ ಓದುವಾಗ ನಾನೂ ಎಡವಿದ್ದು ಇಲ್ಲೇ. ತಲೆಯ ವಿಷಯದಲ್ಲಿ "ಅಲೆ" ಅನ್ನುವ ಮಾತು ಎರಡು ಬೇರೆ ಬೇರೆ ವಸ್ತುಗಳಿಗೆ ಬರುತ್ತದೆ. ಒಂದು ಒತ್ತಡದ ಅಲೆ. ಹೃದಯದ ಪ್ರತಿ ಬಡಿತಕ್ಕೂ ತಲೆಯೊಳಗಿನ ಒತ್ತಡ ಒಂದು ಸಲ ಏರಿ ಇಳಿಯುತ್ತದೆ. ದೊಡ್ಡದು ಮಾಡಿ ನೋಡಿದರೆ ಆ ಒಂದು ಬಡಿತದಲ್ಲೇ ಮೂರು ಸಣ್ಣ ಗುಡ್ಡಗಳು ಕಾಣುತ್ತವೆ: ಪಿ1, ಪಿ2, ಪಿ3. ಆರೋಗ್ಯವಂತರಲ್ಲಿ ಮೆಟ್ಟಿಲು ಇಳಿದ ಹಾಗೆ ಮೊದಲನೆಯದು ಎತ್ತರ, ಮೂರನೆಯದು ಗಿಡ್ಡ. ಸರಿಯಲು ಜಾಗ ಮುಗಿಯುತ್ತಾ ಬಂದಾಗ ನಡುವಿನ ಪಿ2 ತಲೆಯೆತ್ತಿ ಪಿ1ನ್ನು ಮೀರಿಸುತ್ತದೆ.

ಇನ್ನೂ ನಿಧಾನವಾದ ಒತ್ತಡದ ಅಲೆಗಳನ್ನು ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ ದಾಖಲಿಸಿದರು. ಅವರ ಹೆಸರುವಾಸಿ ಬರಹ ಬಂದದ್ದು 1960ರಲ್ಲಿ. ಕೊಳವೆ ಹಾಕಿದ ರೋಗಿಗಳ ಒತ್ತಡವನ್ನು ಬಿಡದೆ ಬರೆದುಕೊಂಡಾಗ, ಕೆಲವರಲ್ಲಿ ಅದು ಇದ್ದಕ್ಕಿದ್ದಂತೆ 50ರಿಂದ 100ರವರೆಗೆ ಏರಿ, 5ರಿಂದ 20 ನಿಮಿಷ ಅಲ್ಲೇ ನಿಂತು, ಆಮೇಲೆ ಇಳಿಯುತ್ತಿತ್ತು. ಬರೆದ ಗೆರೆ ಬೋಳುಗುಡ್ಡದ ನೆತ್ತಿಯ ಹಾಗೆ ಚಪ್ಪಟೆ. ಇದಕ್ಕೆ ಕಾರಣ ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಮೆದುಳಿಗೆ ರಕ್ತ ತಳ್ಳುವ ಬಲ ಸ್ವಲ್ಪ ಕುಗ್ಗಿದರೆ ಮೆದುಳಿನ ನಾಳಗಳು ಹಿಗ್ಗಿಕೊಂಡು ಜಾಸ್ತಿ ರಕ್ತ ಎಳೆದುಕೊಳ್ಳಲು ನೋಡುತ್ತವೆ. ಹಿಗ್ಗಿದ ನಾಳ ಅಂದರೆ ಡಬ್ಬಿಯೊಳಗೆ ಇನ್ನಷ್ಟು ರಕ್ತ. ಅದರಿಂದ ಒತ್ತಡ ಇನ್ನೂ ಏರುತ್ತದೆ, ತಳ್ಳುವ ಬಲ ಇನ್ನೂ ಕುಗ್ಗುತ್ತದೆ, ನಾಳ ಇನ್ನೂ ಹಿಗ್ಗುತ್ತದೆ. ಕಾಪಾಡಲು ಹೋದದ್ದೇ ಕುತ್ತಿಗೆಗೆ ಬರುವುದು ಅಂದರೆ ಇದೇ.

ಎರಡನೆಯದು ವಿದ್ಯುತ್ತಿನ ಅಲೆ, ಅಂದರೆ ಇಇಜಿ. ನಮಗೆ ಬೇಕಾದದ್ದು ಇದು. ಪ್ರಾಣಿಗಳ ಮೆದುಳಲ್ಲಿ ವಿದ್ಯುತ್ತಿನ ಏರಿಳಿತ ಇದೆ ಅಂತ ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಮನುಷ್ಯರಲ್ಲಿ ಮೊದಲು ದಾಖಲಿಸಿದ್ದು ಜರ್ಮನಿಯ ಯೇನಾ ಊರಿನ ಹನ್ಸ್ ಬೆರ್ಗರ್, 1924ರಲ್ಲಿ. ಲೋಕಕ್ಕೆ ತಿಳಿಸಿದ್ದು 1929ರಲ್ಲಿ. ತಮಾಷೆ ಏನು ಗೊತ್ತಾ? ಬೆರ್ಗರ್ ತಮ್ಮ ಮೊದಲ ಪ್ರಯೋಗಗಳಿಗೆ ಆರಿಸಿಕೊಂಡದ್ದು ಆಪರೇಷನ್ ಆಗಿ ತಲೆಬುರುಡೆಯ ಮೂಳೆ ತೆಗೆದಿದ್ದವರನ್ನು. ಮೂಳೆ ಅಡ್ಡ ಇಲ್ಲದಿದ್ದರೆ ಸಂಕೇತ ಚೆನ್ನಾಗಿ ಸಿಗುತ್ತದಲ್ಲ. ತೂತು ಬೇಡ ಅನ್ನಿಸಲು ಇವತ್ತು ನಾವು ನೆಚ್ಚಿರುವ ಉಪಕರಣದ ಹುಟ್ಟು ತೂತಿನ ಬಳಿಯೇ ಆಯಿತು.

ಈ ಸಂಕೇತ ಎಷ್ಟು ಕ್ಷೀಣ ಅಂದರೆ, ಚರ್ಮದ ಮೇಲೆ ಸಿಗುವುದು ಸುಮಾರು 10ರಿಂದ 100 ಮೈಕ್ರೋವೋಲ್ಟ್. ಒಂದು ವೋಲ್ಟನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರೋವೋಲ್ಟ್. ಒಂದೊಂದು ನರಕೋಶದ ಸದ್ದು ಇಲ್ಲಿ ಕೇಳುವುದಿಲ್ಲ. ಮೆದುಳಿನ ಹೊರಪದರದಲ್ಲಿ ಸಾಲಾಗಿ ನಿಂತ ಲಕ್ಷಾಂತರ ಕೋಶಗಳು ಒಟ್ಟಿಗೆ ಏರಿಳಿದಾಗ ಮಾತ್ರ ಮೂಳೆ, ಚರ್ಮ ದಾಟಿ ಏನೋ ಒಂದಿಷ್ಟು ಹೊರಗೆ ಬರುತ್ತದೆ.

ಒಂದು ಸೆಕೆಂಡಿನ ಗೆರೆಯನ್ನು ಎದುರಿಗಿಟ್ಟುಕೊಳ್ಳಿ. ಆರೋಗ್ಯವಂತರು ಎಚ್ಚರವಾಗಿದ್ದು ಸುಮ್ಮನೆ ಕಣ್ಣು ಮುಚ್ಚಿದ್ದಾರೆ. ತಲೆಯ ಹಿಂಭಾಗದ ತಂತಿಯಲ್ಲಿ ಉಬ್ಬುಗಳನ್ನು ಎಣಿಸಿದರೆ ಹತ್ತರ ಆಸುಪಾಸು ಸಿಗುತ್ತವೆ. 8ರಿಂದ 13ರವರೆಗಿನ ಈ ಅಲೆಗಳಿಗೆ ಆಲ್ಫಾ ಅಂತ ಹೆಸರು. ಅದಕ್ಕಿಂತ ಚುರುಕಾದದ್ದು ಬೀಟಾ. 4ರಿಂದ 8ರವರೆಗೆ ಥೀಟಾ. 4ಕ್ಕಿಂತ ಕಡಿಮೆ ಆದರೆ ಡೆಲ್ಟಾ. ಈಗ ಅದೇ ಗೆರೆಯಲ್ಲಿ ಚುರುಕು ಉಬ್ಬುಗಳು ಒಂದೊಂದಾಗಿ ಮಾಯವಾಗಿ, ಒಂದು ಸೆಕೆಂಡಿಗೆ ಎರಡೇ ಅಗಲವಾದ ದಿಬ್ಬಗಳು ಉಳಿದವು ಅಂದುಕೊಳ್ಳಿ. ಗಾಢ ನಿದ್ದೆಯಲ್ಲಿ ಇದು ಸಹಜ. ನಿದ್ದೆಯಲ್ಲದ ಹೊತ್ತಲ್ಲಿ ಕಂಡರೆ ಮೆದುಳಿಗೆ ಏನೋ ಕೊರತೆಯಾಗಿದೆ ಅಂತ ಅರ್ಥ.

ಏನು ಕೊರತೆ? ಇಲ್ಲಿ ಆ ಕಳೆಯುವ ಲೆಕ್ಕ ಮತ್ತೆ ಬರುತ್ತದೆ. ಮೆದುಳಿನ ತೂಕ ದೇಹದ ನೂರಕ್ಕೆ 2 ಭಾಗ, ಆದರೆ ಅದು ಬಳಸುವ ಆಮ್ಲಜನಕ ನೂರಕ್ಕೆ ಸುಮಾರು 20 ಭಾಗ. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ಸಾಮಾನ್ಯವಾಗಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿ ರಕ್ತ ಹರಿಯುತ್ತದೆ. ಇದು 25, 30ರ ಆಸುಪಾಸಿಗೆ ಇಳಿದರೆ ಇಇಜಿ ಅಲೆಗಳು ನಿಧಾನವಾಗುತ್ತವೆ. 15, 20ರ ಹತ್ತಿರ ಬಂದರೆ ಗೆರೆ ಚಪ್ಪಟೆಯಾಗುತ್ತಾ ಹೋಗುತ್ತದೆ. 10ಕ್ಕಿಂತ ಕೆಳಗಿಳಿದು ಹಾಗೇ ಇದ್ದರೆ ಕೋಶಗಳು ಸಾಯುತ್ತವೆ.

ಈ ಅಂಕಿಗಳ ನಡುವಿನ ಅಂತರ ಗಮನಿಸಿ. ಗೆರೆ ಚಪ್ಪಟೆಯಾದಾಗ ಕೋಶ ಇನ್ನೂ ಸತ್ತಿರುವುದಿಲ್ಲ. ಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವುದು ದುಬಾರಿ ಕೆಲಸ. ಶಕ್ತಿ ಕಡಿಮೆ ಬಿದ್ದಾಗ ಮೆದುಳು ಮೊದಲು ಆ ಖರ್ಚನ್ನು ನಿಲ್ಲಿಸಿ, ಇರೋದರಲ್ಲಿ ಜೀವ ಉಳಿಸಿಕೊಳ್ಳುತ್ತದೆ. ಅಂಗಡಿ ಮುಚ್ಚಿದೆ, ಆದರೆ ಒಳಗೆ ಜನ ಇದ್ದಾರೆ. ಇಇಜಿಗೆ ಬೆಲೆ ಬರುವುದೇ ಇಲ್ಲಿ. ಹಾನಿ ಕಾಯಂ ಆಗುವ ಮೊದಲೇ ಅದು ಸುಳಿವು ಕೊಡುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ಕೊಬ್ಬು ಕಟ್ಟಿ ಕಿರಿದಾದಾಗ ಅದನ್ನು ಬಿಡಿಸಿ ಸ್ವಚ್ಛ ಮಾಡುವ ಆಪರೇಷನ್ ಇದೆ. ಆಗ ಸ್ವಲ್ಪ ಹೊತ್ತು ಆ ನಾಳಕ್ಕೆ ಕ್ಲಾಂಪ್ ಹಾಕಬೇಕು. ಎಷ್ಟೋ ಕಡೆ ಅಷ್ಟೂ ಹೊತ್ತು ಇಇಜಿ ಓಡುತ್ತಿರುತ್ತದೆ. ಕ್ಲಾಂಪ್ ಬಿದ್ದ ಒಂದೆರಡು ನಿಮಿಷದೊಳಗೆ ಆ ಕಡೆಯ ಅಲೆಗಳು ನಿಧಾನವಾದವೋ, ಸರ್ಜನ್ ತಡಮಾಡದೆ ರಕ್ತಕ್ಕೆ ತಾತ್ಕಾಲಿಕ ಅಡ್ಡದಾರಿಯ ಕೊಳವೆ ಹಾಕುತ್ತಾರೆ. ರಕ್ತ ಕಡಿಮೆಯಾದರೆ ಅಲೆ ನಿಧಾನ ಅನ್ನುವ ನಂಟು ಅಷ್ಟು ಗಟ್ಟಿ.

ಹಾಗಾದರೆ ಸರಪಳಿ ಹೀಗಿದೆ. ತಲೆಯೊಳಗಿನ ಒತ್ತಡ ಏರುತ್ತದೆ, ರಕ್ತ ತಳ್ಳುವ ಬಲ ಇಳಿಯುತ್ತದೆ, ಹರಿವು ಕುಗ್ಗುತ್ತದೆ, ಕೋಶಗಳು ಮಂಕಾಗುತ್ತವೆ, ಅಲೆಗಳು ನಿಧಾನವಾಗುತ್ತವೆ. ಇಇಜಿಗೆ ಕಾಣುವುದು ಈ ಸರಪಳಿಯ ಕೊನೆಯ ಕೊಂಡಿ ಮಾತ್ರ. ಅದಕ್ಕೆ ಒತ್ತಡ ಅಂದರೇನು ಅಂತಲೇ ಗೊತ್ತಿಲ್ಲ. ಮೆದುಳು ಎಷ್ಟು ಬಳಲಿದೆ ಅನ್ನುವುದನ್ನು ನೋಡಿ, ಒತ್ತಡ ಇಷ್ಟಿರಬಹುದು ಅಂತ ನಾವು ಊಹಿಸುತ್ತೇವೆ. ಈ ವಿಷಯದ ಒಳ್ಳೆಯದೂ ಕೆಟ್ಟದ್ದೂ ಎರಡೂ ಹುಟ್ಟುವುದು ಇದರಿಂದಲೇ.

ಊಹೆಯನ್ನು ಸಂಖ್ಯೆ ಮಾಡುವುದು ಹೇಗೆ? ಕಂಪ್ಯೂಟರ್ ಇಇಜಿಯ ಗೆರೆಯನ್ನು ಕೆಲವು ಸೆಕೆಂಡುಗಳ ತುಂಡು ಮಾಡಿಕೊಳ್ಳುತ್ತದೆ. ಪ್ರತಿ ತುಂಡಿನಲ್ಲಿ ಯಾವ ವೇಗದ ಅಲೆಗೆ ಎಷ್ಟು ಪಾಲು ಅಂತ ವಿಂಗಡಿಸುತ್ತದೆ. ಚಿಲ್ಲರೆ ರಾಶಿಯನ್ನು ನಾಣ್ಯಗಳ ಪ್ರಕಾರ ಬೇರೆ ಮಾಡಿದ ಹಾಗೆ. ಡೆಲ್ಟಾ ಪಾಲು ಎಷ್ಟು, ಆಲ್ಫಾಗೂ ಡೆಲ್ಟಾಗೂ ಅನುಪಾತ ಎಷ್ಟು, ಒಟ್ಟು ಶಕ್ತಿಯನ್ನು ಸರಿಯಾಗಿ ಎರಡು ಭಾಗ ಮಾಡುವ ನಡುವಿನ ವೇಗ ಯಾವುದು, ಇಂಥ ಲೆಕ್ಕ ಹಾಕುತ್ತದೆ. ಡೆಲ್ಟಾ ಪಾಲು ಹೆಚ್ಚಿ ನಡುವಿನ ವೇಗ ಇಳಿದರೆ ಒತ್ತಡ ಏರಿರಬಹುದು ಅನ್ನುವುದು ಸರಳ ಸೂತ್ರ. ಈ ಎರಡನ್ನೂ ಸೇರಿಸಿ ಒಂದೇ ಸೂಚ್ಯಂಕ ಕಟ್ಟಿ, ಬೆನ್ನಿನ ನೀರಿನ ಒತ್ತಡದ ಜೊತೆ ಹೋಲಿಸಿ ನೋಡಿದವರಿದ್ದಾರೆ. ಇತ್ತೀಚೆಗೆ ಈ ಕೆಲಸವನ್ನು ಮಷಿನ್ ಲರ್ನಿಂಗ್‌ಗೆ ಒಪ್ಪಿಸುವುದು ಜಾಸ್ತಿಯಾಗಿದೆ. ಕೊಳವೆಯೂ ಇಇಜಿಯೂ ಎರಡೂ ಇರುವ ರೋಗಿಗಳ ದಾಖಲೆ ತೋರಿಸಿ, ಈ ಅಲೆಗೆ ಈ ಒತ್ತಡ ಅಂತ ಅದಕ್ಕೆ ಕಲಿಸುತ್ತಾರೆ.

ಇನ್ನೊಂದು ದಾರಿ ಮೆದುಳನ್ನು ತಟ್ಟಿ ಕೇಳುವುದು. ಮುಚ್ಚಿದ ಕಣ್ಣಿನ ಮೇಲೆ ಬೆಳಕು ಫಕ್ಕನೆ ಮಿಂಚಿಸುತ್ತಾರೆ. ಆ ಸುದ್ದಿ ಕಣ್ಣಿನಿಂದ ಹೊರಟು, ಇಡೀ ಮೆದುಳನ್ನು ಹಿಂದಕ್ಕೆ ದಾಟಿ ತಲೆಯ ಹಿಂಭಾಗಕ್ಕೆ ಮುಟ್ಟಬೇಕು. ಉದ್ದದ ಪ್ರಯಾಣ. ಒಂದು ಮಿಂಚಿಗೆ ಬರುವ ಉತ್ತರ ಬೇರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಅದಕ್ಕೆ ಹತ್ತಾರು ಸಲ ಮಿಂಚಿಸಿ ಸರಾಸರಿ ತೆಗೆಯುತ್ತಾರೆ. ಆಗ ಏರಿಳಿತಗಳ ಒಂದು ಸಾಲು ಎದ್ದು ಕಾಣುತ್ತದೆ. ಅದರಲ್ಲಿ ಎನ್2 ಅನ್ನುವ ತಿರುವು ಎಷ್ಟು ಮಿಲಿಸೆಕೆಂಡಿಗೆ ಬಂತು ಅನ್ನುವುದು ಮುಖ್ಯ. ತಲೆಯೊಳಗಿನ ಒತ್ತಡ ಏರಿದಷ್ಟೂ ಎನ್2 ತಡವಾಗುತ್ತದೆ ಅಂತ 1980ರ ದಶಕದ ಆರಂಭದಿಂದಲೇ ವರದಿಗಳಿವೆ. ಆಗ ಆಸೆಯೂ ಜೋರಾಗಿತ್ತು. ಆದರೆ ಆರೋಗ್ಯವಂತರಲ್ಲೇ ಈ ಸಮಯ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ಕಣ್ಣಿಗೋ ದೃಷ್ಟಿಯ ನರಕ್ಕೋ ಪೆಟ್ಟಾಗಿದ್ದರೆ ಉತ್ತರವೇ ಬರುವುದಿಲ್ಲ. ಹಾಗಾಗಿ ಒಬ್ಬರ ಇವತ್ತಿನ ಎನ್2ವನ್ನು ಅವರದೇ ನಿನ್ನೆಯ ಎನ್2 ಜೊತೆ ಹೋಲಿಸುವುದಕ್ಕೆ ಅರ್ಥ ಇದೆ. ಒಂದೇ ಸಲ ನೋಡಿ 18 ಅಂತ ಹೇಳುವುದಕ್ಕೆ ಇಲ್ಲ.

ಇನ್ನು ಅಲೆ ನಂಬಿದರೆ ಎಲ್ಲಿ ಮೋಸ ಹೋಗುತ್ತೇವೆ ನೋಡೋಣ. ನನಗೆ ಅತಿ ದೊಡ್ಡದು ಅನ್ನಿಸುವುದು ಮೆದುಳಿನ ಜಾಣತನವೇ. ರಕ್ತ ತಳ್ಳುವ ಬಲ ಸ್ವಲ್ಪ ಹೆಚ್ಚುಕಮ್ಮಿಯಾದರೂ ಆರೋಗ್ಯವಾದ ಮೆದುಳು ನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ ಹರಿವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಒತ್ತಡ 12ರಿಂದ 25ಕ್ಕೆ ಏರಿದೆ, ಆದರೆ ಬಿಪಿ ಚೆನ್ನಾಗಿದೆ, ನಾಳಗಳು ಕೆಲಸ ಮಾಡುತ್ತಿವೆ ಅಂದರೆ ಹರಿವು ಕುಗ್ಗಿರುವುದಿಲ್ಲ. ಅಲೆಗಳೂ ಬದಲಾಗಿರುವುದಿಲ್ಲ. ಕೊಳವೆ ಗಂಟೆ ಬಾರಿಸುತ್ತಿದೆ, ಇಇಜಿ ಏನೂ ಆಗಿಲ್ಲ ಅನ್ನುತ್ತಿದೆ. ಯಾರದು ಸರಿ? ಎರಡೂ ಸರಿ. ಒಂದು ಒತ್ತಡ ಹೇಳುತ್ತಿದೆ, ಇನ್ನೊಂದು ಆ ಒತ್ತಡವನ್ನು ಮೆದುಳು ತಡೆದುಕೊಳ್ಳುತ್ತಿದೆಯೇ ಅಂತ ಹೇಳುತ್ತಿದೆ.

ತಿರುಗುಮುರುಗಾದ ಮೋಸವೂ ಇದೆ. ಒತ್ತಡ ಏರದೆಯೂ ಅಲೆ ನಿಧಾನವಾಗಲು ನೂರು ಕಾರಣ. ನಿದ್ದೆ ಬಂದರೂ ನಿಧಾನ. ರಕ್ತದ ಸಕ್ಕರೆ ಬಿದ್ದರೂ ನಿಧಾನ. ಮೈ ತಣ್ಣಗಾದರೂ ನಿಧಾನ. ಐಸಿಯುನಲ್ಲಿ ಕೊಡುವ ಪ್ರೊಪೋಫಾಲ್, ಮಿಡಜೋಲಾಮ್ ತರಹದ ಮಂಪರು ಔಷಧಿಗಳು ಅಲೆಗಳ ಚಹರೆಯನ್ನೇ ಬದಲಿಸಿಬಿಡುತ್ತವೆ. ಲಿವರ್ ಕೈಕೊಟ್ಟವರ ಮಾತು ಆಗಲೇ ಬಂತಲ್ಲ, ಕೊರೆಯುವಂತಿಲ್ಲ, ಇಇಜಿಯೇ ಗತಿ ಅಂದುಕೊಂಡೆವು. ಅವರ ರಕ್ತದಲ್ಲಿ ಸೇರಿದ ವಿಷವೇ ಅಲೆಗಳನ್ನು ನಿಧಾನ ಮಾಡಿರುತ್ತದೆ! ಯಾರಿಗೆ ತೀರಾ ಬೇಕೋ ಅವರಲ್ಲೇ ಕೈಕೊಡುತ್ತದೆ.

ಗದ್ದಲದ ಕಥೆ ಬೇರೆ. ದವಡೆ ಬಿಗಿದರೆ, ಬೆವರಿದರೆ, ವೆಂಟಿಲೇಟರ್ ಕೊಳವೆ ಅಲುಗಿದರೆ, ಅದೆಲ್ಲ ಗೆರೆಯಲ್ಲಿ ಅಲೆಯ ವೇಷ ಹಾಕಿಕೊಂಡು ಬರುತ್ತದೆ. ಆಪರೇಷನ್ನಿಗೆ ಮೂಳೆ ತೆಗೆದಿದ್ದ ಜಾಗದಲ್ಲಿ ಅಲೆಗಳು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ.

ಒತ್ತಡದ ಮೀಟರ್ ಅಂತ ಕರೆಸಿಕೊಳ್ಳಲು ಎಷ್ಟು ನಿಖರತೆ ಬೇಕು? ವೈದ್ಯಕೀಯ ಉಪಕರಣಗಳಿಗೆ ಅಮೆರಿಕದಲ್ಲಿ ಮಾಡಿರುವ ಮಾನದಂಡದ ಪ್ರಕಾರ, 0ರಿಂದ 20ರ ನಡುವೆ 2 ಮಿಲಿಮೀಟರಿಗಿಂತ ಜಾಸ್ತಿ ತಪ್ಪಬಾರದು. 20ರ ಮೇಲೆ ನೂರಕ್ಕೆ 10 ಭಾಗದವರೆಗೆ ತಪ್ಪಬಹುದು. ಅಲೆಗಳ ಲೆಕ್ಕ ಈ ಗೆರೆಯನ್ನು ಎಲ್ಲ ರೋಗಿಗಳಲ್ಲೂ ನಂಬಿಕೆಯಿಂದ ಮುಟ್ಟುವ ಸ್ಥಿತಿಯಲ್ಲಿಲ್ಲ. ಸಂಶೋಧನೆಗಳಲ್ಲಿ ಅಲೆಗೂ ಒತ್ತಡಕ್ಕೂ ಒಳ್ಳೆಯ ಹೊಂದಿಕೆ ಕಂಡಿದೆ ಅಂದಾಗ ಹುಷಾರಾಗಿ ಓದಬೇಕು. ಒಂದು ಗುಂಪಿನಲ್ಲಿ ಎರಡೂ ಜೊತೆಯಾಗಿ ಏರಿಳಿಯುತ್ತವೆ ಅನ್ನುವುದು ಒಂದು ಮಾತು. ಈ ಹಾಸಿಗೆಯ ಈ ರೋಗಿಗೆ ಈಗ 19ಓ 26ಓ ಅಂತ ಹೇಳುವುದು ಪೂರ್ತಿ ಬೇರೆ ಮಾತು. ಚಿಕಿತ್ಸೆ ನಿಂತಿರುವುದು ಎರಡನೆಯದರ ಮೇಲೆ.

ಹೊರಗಿನಿಂದ ಅಳೆಯಲು ಹೊರಟವರು ಇಇಜಿಯವರು ಮಾತ್ರ ಅಲ್ಲ. ಕಣ್ಣಿನ ನರದ ಸುತ್ತಲೂ ಸಿಎಸ್‌ಎಫ್ ಇರುವುದರಿಂದ, ಒತ್ತಡ ಏರಿದಾಗ ಅದರ ಕವಚ ಊದುತ್ತದೆ. ಕಣ್ಣುಗುಡ್ಡೆಯ ಹಿಂದೆ 3 ಮಿಲಿಮೀಟರ್ ದೂರದಲ್ಲಿ ಅಲ್ಟ್ರಾಸೌಂಡಿನಿಂದ ಅದರ ಅಗಲ ಅಳೆಯುತ್ತಾರೆ. ತಲೆಯ ಪಕ್ಕದ ತೆಳುಮೂಳೆಯ ಮೂಲಕ ಡಾಪ್ಲರ್ ಅನ್ನುವ ಬಗೆಯ ಅಲ್ಟ್ರಾಸೌಂಡ್ ಹಾಯಿಸಿ ರಕ್ತದ ವೇಗ ನೋಡುವುದೂ ಇದೆ. ಪಾಪೆ ಬೆಳಕಿಗೆ ಎಷ್ಟು ಚುರುಕಾಗಿ ಕಿರಿದಾಗುತ್ತದೆ ಅಂತ ಕ್ಯಾಮೆರಾದಿಂದ ಅಳೆಯುವುದೂ ಇದೆ.

ಬ್ರೆಜಿಲ್‌ನ ಭೌತವಿಜ್ಞಾನಿ ಸೆರ್ಜಿಯೊ ಮಸ್ಕರೆನ್ಯಾಸ್ ಅವರ ಕಥೆಯನ್ನಂತೂ ಬಿಡಲಾಗದು. ಎಂಬತ್ತು ವರ್ಷದ ಆಸುಪಾಸಿನಲ್ಲಿ ಅವರಿಗೇ ಮೆದುಳಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ ಬಂತು, ನೀರು ಹರಿಸಲು ಒಳಗೆ ಕೊಳವೆ ಹಾಕಿಸಿಕೊಳ್ಳಬೇಕಾಯಿತು. ಅಳೆಯಲು ತೂತೇ ಯಾಕೆ ಬೇಕು ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. ಸೇತುವೆ, ಕಟ್ಟಡಗಳು ಭಾರಕ್ಕೆ ಎಷ್ಟು ಬಾಗುತ್ತವೆ ಅಂತ ಅಳೆಯುವ ಸ್ಟ್ರೇನ್ ಗೇಜನ್ನು ತಲೆಬುರುಡೆಗೆ ಒತ್ತಿ ಹಿಡಿದು ನೋಡಿದರು. ಹಿಗ್ಗುವುದೇ ಇಲ್ಲ ಅಂದುಕೊಂಡಿದ್ದ ಡಬ್ಬಿ ಪ್ರತಿ ಬಡಿತಕ್ಕೂ ಕೂದಲೆಳೆಗಿಂತ ಕಡಿಮೆ ಅಲುಗುತ್ತದೆ! ಆ ಅಲುಗಾಟದಲ್ಲಿ ಪಿ1, ಪಿ2 ಗುಡ್ಡಗಳ ಆಕಾರ ಕಾಣುತ್ತದೆ. ಅದೂ ಸಂಖ್ಯೆ ಕೊಡುವುದಕ್ಕಿಂತ ಆಕಾರ ತೋರಿಸುವುದರಲ್ಲೇ ಗಟ್ಟಿ. ಮಸ್ಕರೆನ್ಯಾಸ್ 2021ರಲ್ಲಿ ತೀರಿಕೊಂಡರು.

ಹಾಗಾದರೆ ಇಇಜಿಯಿಂದ ಒತ್ತಡ ಅಳೆಯುವ ಕನಸು ಬಿಡಬೇಕಾ? ನನ್ನ ಲೆಕ್ಕದಲ್ಲಿ ಬಿಡಬೇಕಾದದ್ದು ಸಂಖ್ಯೆಯ ಹಟವನ್ನು. 2012ರಲ್ಲಿ ಬೊಲಿವಿಯಾ ಮತ್ತು ಎಕ್ವಡಾರ್‌ನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ತಲೆಗೆ ತೀವ್ರ ಪೆಟ್ಟಾದ 324 ರೋಗಿಗಳು. ಅರ್ಧ ಜನರಿಗೆ ಒಳಗೆ ಸೆನ್ಸರ್ ಇಳಿಸಿ ಆ ಸಂಖ್ಯೆಯ ಪ್ರಕಾರ ಚಿಕಿತ್ಸೆ. ಉಳಿದವರಿಗೆ ಸ್ಕ್ಯಾನ್ ಮತ್ತು ಹಾಸಿಗೆ ಪಕ್ಕದ ಪರೀಕ್ಷೆ ನೋಡಿಕೊಂಡು ಚಿಕಿತ್ಸೆ. ಎರಡು ಗುಂಪಿನವರು ಚೇತರಿಸಿಕೊಂಡದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒತ್ತಡಕ್ಕೆ ಮಹತ್ವ ಇಲ್ಲ ಅಂತ ಇದರ ಅರ್ಥ ಅಲ್ಲ, ಎರಡನೇ ಗುಂಪಿನವರಿಗೂ ಒತ್ತಡ ಇಳಿಸುವ ಚಿಕಿತ್ಸೆಯನ್ನೇ ಕೊಟ್ಟಿದ್ದರು. ಆದರೆ ಒಂದೇ ಸಂಖ್ಯೆಯ ಬೆನ್ನು ಹತ್ತಿದರೆ ಸಾಲದು ಅನ್ನುವುದಂತೂ ಗೊತ್ತಾಯಿತು. ಒತ್ತಡ 24 ಇದ್ದಾಗ ಒಬ್ಬರ ಮೆದುಳು ಸಲೀಸಾಗಿರುತ್ತದೆ, ಇನ್ನೊಬ್ಬರದು 18ಕ್ಕೇ ನರಳುತ್ತಿರುತ್ತದೆ. ಯಾರು ನರಳುತ್ತಿದ್ದಾರೆ ಅನ್ನುವುದು ಇಇಜಿಗೆ ಕೇಳಬೇಕಾದ ಪ್ರಶ್ನೆ.

ಕೊಳವೆಗೆ ಯಾವತ್ತೂ ಕಾಣದ ಒಂದು ಸಂಗತಿಯೂ ಇಇಜಿಗೆ ಕಾಣುತ್ತದೆ. ತಲೆಗೆ ಪೆಟ್ಟಾಗಿ ಪ್ರಜ್ಞೆ ಇಲ್ಲದ ಕೆಲವರಿಗೆ ಒಳಗೊಳಗೇ ಫಿಟ್ಸ್ ಬರುತ್ತಿರುತ್ತದೆ. ಕೈಕಾಲು ಅದುರುವುದಿಲ್ಲ, ನೋಡಿದವರಿಗೆ ಮಲಗಿದ್ದಾರೆ ಅನ್ನಿಸುತ್ತದೆ ಅಷ್ಟೇ. ಫಿಟ್ಸ್ ಹೊತ್ತಲ್ಲಿ ಮೆದುಳು ಜಾಸ್ತಿ ರಕ್ತ ಎಳೆದುಕೊಳ್ಳುವುದರಿಂದ ಒತ್ತಡವೂ ಏರಬಹುದು. ಕೊಳವೆಯಲ್ಲಿ ಕಾಣುವುದು ಏರಿದ ಸಂಖ್ಯೆ ಮಾತ್ರ. ಏರಿದ್ದು ಯಾಕೆ ಅಂತ ಹೇಳುವುದು ಅಲೆ. ಆಗ ಬೇಕಾದದ್ದು ಊತ ಇಳಿಸುವ ಔಷಧಿ ಮಾತ್ರ ಅಲ್ಲ, ಫಿಟ್ಸ್ ನಿಲ್ಲಿಸುವ ಔಷಧಿ.

ಇನ್ನು ಕೊನೆಯ ಅಸ್ತ್ರದ ಮಾತು. ಬೇರೆ ಯಾವುದಕ್ಕೂ ಒತ್ತಡ ಬಗ್ಗದಿದ್ದರೆ ಕೆಲವೊಮ್ಮೆ ಬಾರ್ಬಿಚುರೇಟ್ ಔಷಧಿ ಕೊಟ್ಟು ಮೆದುಳನ್ನು ಬೇಕೆಂತಲೇ ಆಳವಾದ ಕೋಮಾಕ್ಕೆ ಇಳಿಸುತ್ತಾರೆ. ಕೆಲಸ ಕಮ್ಮಿಯಾದರೆ ಮೆದುಳಿಗೆ ಬೇಕಾಗುವ ರಕ್ತವೂ ಕಮ್ಮಿ, ಒತ್ತಡವೂ ಇಳಿಯುತ್ತದೆ ಅನ್ನುವ ಲೆಕ್ಕ. ಎಷ್ಟು ಔಷಧಿ ಸಾಕು ಅಂತ ಹೇಳುವುದು ಇಇಜಿಯೇ. ಗೆರೆ ಕೆಲವು ಸೆಕೆಂಡು ಚಪ್ಪಟೆ, ಆಮೇಲೆ ಒಂದು ಪುಟ್ಟ ಅಲೆಗಳ ಗೊಂಚಲು, ಮತ್ತೆ ಚಪ್ಪಟೆ. ಆ ಹಂತಕ್ಕೆ ಬಂದರೆ ಔಷಧಿ ಅಲ್ಲಿಗೆ ನಿಲ್ಲಿಸಿ ಹಾಗೇ ಕಾಯ್ದುಕೊಳ್ಳುತ್ತಾರೆ. ಆ ಹೊತ್ತಲ್ಲಿ ಅಲೆ ನೋಡಿ ಒತ್ತಡ ಊಹಿಸುವ ಯಾವ ಸೂತ್ರವೂ ನಡೆಯುವುದಿಲ್ಲ, ಅಲೆಗಳನ್ನು ಔಷಧಿಯೇ ಅಳಿಸಿದೆಯಲ್ಲ. ಹಾಸಿಗೆಯ ಒಂದು ಪಕ್ಕದಲ್ಲಿ ಬಹುಪಾಲು ಚಪ್ಪಟೆಯಾದ ಇಇಜಿ, ಇನ್ನೊಂದು ಪಕ್ಕದಲ್ಲಿ ಕಿವಿಯ ಮಟ್ಟಕ್ಕೆ ಹೊಂದಿಸಿದ ಸೆನ್ಸರ್. ಡಾಕ್ಟರು ಔಷಧಿಯ ವೇಗ ಮೊದಲನೆಯದನ್ನು ನೋಡಿ ತಿರುಗಿಸುತ್ತಾರೆ, ಫಲ ಸಿಕ್ಕಿತಾ ಅಂತ ಎರಡನೆಯದರಲ್ಲಿ ನೋಡುತ್ತಾರೆ.